ಹಲ್ಲಿನ ಕ್ಯಾಪಿಗೂ ನೆರವು ಬೇಕು
(ವೈದ್ಯಕೀಯ ನೆರವು ಸಭೆಯಲ್ಲಿ ಆಡಿದ ಮಾತು)



ಹೃದಯ, ಕಿಡ್ನಿಯ ಅರ್ಜಿಗಳಿಗೆ ನಾವು ತಕ್ಷಣ ಸಹಿ ಹಾಕುತ್ತೇವೆ. ಹಲ್ಲಿನ ಅರ್ಜಿ ಬಂದರೆ ‘ಇದೂ ಒಂದು ಕಾಯಿಲೆಯೇ?’ ಎನ್ನುತ್ತೇವೆ. ವಿಮೆಯವರೂ ಹಾಗೆಯೇ; ಅಪಘಾತವಾಗಿ ಆಸ್ಪತ್ರೆ ಸೇರಿದ ಹೊರತು ಹೆಚ್ಚಿನ ಪಾಲಿಸಿಗಳು ಹಲ್ಲಿಗೆ ಹಣ ಕೊಡುವುದಿಲ್ಲ.

ರೂಟ್ ಕೆನಾಲ್‌ಗೆ ಹೇಗೋ ಹಣ ಹೊಂದಿಸಿದವರು ಕ್ಯಾಪನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ಬಿಡುತ್ತಾರೆ. ನರ ತೆಗೆದ ದವಡೆ ಹಲ್ಲು ಕ್ಯಾಪಿಲ್ಲದೆ ಅಗಿಯುವ ಭಾರಕ್ಕೆ ಸೀಳಬಹುದು. ಬುಡದವರೆಗೆ ಸೀಳಿದರೆ ಕೀಳಿಸಲೇಬೇಕು. ಆಮೇಲೆ ಬ್ರಿಜ್. ನಮ್ಮ ಬ್ಯಾಂಕಿನ ಭಾಷೆಯಲ್ಲಿ, ಹೋದ ಹಲ್ಲಿನ ಸಾಲಕ್ಕೆ ಅಕ್ಕಪಕ್ಕದ ಎರಡು ಹಲ್ಲು ಜಾಮೀನು. ಗಟ್ಟಿಯಾಗಿದ್ದರೂ ಅವನ್ನು ತೇಯ್ದು ಸಣ್ಣ ಮಾಡಬೇಕು. ಒಂದು ಕ್ಯಾಪಿನ ಬದಲು ಮೂರರ ಬಿಲ್ಲು!

ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ, ನೆರೂಳಿನ ದಂತ ಕಾಲೇಜುಗಳಲ್ಲಿ ಖರ್ಚು ಕಡಿಮೆ. ಆದರೆ ಹಲವು ಬಾರಿ ಹೋಗಬೇಕು. ಹೋಟೆಲಿನಲ್ಲಿ ದಿನಗೂಲಿಗೆ ದುಡಿಯುವವರಿಗೆ ಪ್ರತಿ ಸಲವೂ ಒಂದು ದಿನದ ಸಂಬಳ ಖೋತಾ. ಲೋಕಲ್ ರೈಲಿನ ಗರ್ದಿ ಬೇರೆ.

ಆದ್ದರಿಂದ ರೂಟ್ ಕೆನಾಲ್ ಆದವರ ಕ್ಯಾಪನ್ನು ನಮ್ಮ ನೆರವಿನ ಪಟ್ಟಿಗೆ ಸೇರಿಸಿ. ಚೆಕ್ಕನ್ನು ನೇರ ದಂತವೈದ್ಯರ ಹೆಸರಿಗೇ ಬರೆಯೋಣ. ದಾನಿಗಳು ತಲಾ ಒಂದು ಹಲ್ಲಿನ ಹೊಣೆ ಹೊತ್ತರೂ ಈ ವರ್ಷದ ಅರ್ಜಿಗಳನ್ನು ವಾಪಸು ಕಳಿಸಬೇಕಾಗಿಲ್ಲ.