ಚೀಟಿಯ ಆಚೆಗೂ ನಮ್ಮ ಹೊಣೆ

ಇಂದು ಪದವಿ ಪಡೆಯುತ್ತಿರುವ ವೈದ್ಯರೇ, ಶುಶ್ರೂಷಕ ಮಿತ್ರರೇ,

ನಿಮ್ಮಲ್ಲಿ ಹಲವರು ಸದ್ಯದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುತ್ತೀರಿ. ‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಎಂಬ ಚೀಟಿಯನ್ನು ದಿನವೂ ಬರೆಯುತ್ತೀರಿ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯಲ್ಲಿ ವ್ಯತ್ಯಾಸ ಕಂಡ ಹೆಣ್ಣುಮಗಳೊಬ್ಬಳು ಆ ಚೀಟಿ ಹಿಡಿದು ಹೊರಟ ಮೇಲೆ ಏನಾಗುತ್ತದೆ? ಇಂದು ನಾನು ಮಾತನಾಡಬಯಸುವುದು ಅದರ ಬಗ್ಗೆ.

ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಕಾಣಿಸಿಕೊಂಡಿತು. ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಇಷ್ಟು ಜನ ಸಾಯಬೇಕಾದ ಕಾಯಿಲೆಯೇ ಅಲ್ಲ ಇದು. ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಾಣುವಿನ ಸೋಂಕು ಮೈಯಲ್ಲಿ ಉಳಿದುಕೊಂಡು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅದನ್ನು ತಡೆಯಲು ನಮಗೆ ಅಷ್ಟು ದೀರ್ಘ ಕಾಲಾವಕಾಶವಿದೆ.

ನಮ್ಮ ಕೇಂದ್ರಗಳಲ್ಲಿ 30 ವರ್ಷ ದಾಟಿದ ಮಹಿಳೆಯರಿಗೆ ನಡೆಯುವ ವಿಐಎ ಪರೀಕ್ಷೆ ನಿಮಗೆ ಗೊತ್ತೇ ಇದೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾಯುತ್ತೇವೆ. ಬಿಳಿಚಿದ ಭಾಗ ಕಂಡರೆ ‘ಪಾಸಿಟಿವ್’ ಎಂದು ಬರೆಯುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಈ ಕ್ಯಾನ್ಸರ್‌ನ ತಪಾಸಣೆ ಒಮ್ಮೆಯಾದರೂ ಆಗಿದ್ದವರು ಶೇ. 2ಕ್ಕೂ ಕಡಿಮೆ. ನಾಚಿಕೆ, ಅಂಜಿಕೆ ಎಲ್ಲವನ್ನೂ ನುಂಗಿಕೊಂಡು ಪರೀಕ್ಷೆಯ ಮೇಜಿನ ತನಕ ಬಂದ ಆ ಕೆಲವರನ್ನೂ ಚೀಟಿ ಕೊಟ್ಟು ಕೈಬಿಟ್ಟರೆ, ನಾವು ಅವರಿಗೆ ಕೊಟ್ಟದ್ದು ಬರೀ ಭಯ.

ಚೀಟಿ ಪಡೆದವರಲ್ಲಿ ಹಲವರು ಮುಂದಿನ ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ? ‘ತಿಳಿವಳಿಕೆ ಇಲ್ಲ’ ಎನ್ನುವುದು ನಮಗೆ ಅನುಕೂಲದ ಉತ್ತರ. ಅವರಿಗೆ ನೋವಿಲ್ಲ, ರಕ್ತಸ್ರಾವವಿಲ್ಲ, ‘ನನಗೇನಾಗಿದೆ?’ ಎಂದು ಕೇಳುವುದು ಸಹಜ. 2023ರಿಂದ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಗಿದೆ, ಆದರೆ ಆ ದಿನದ ಕೂಲಿ ಕಟ್ಟಿಕೊಡುವವರಿಲ್ಲ. ಜಿಲ್ಲಾಸ್ಪತ್ರೆಗೆ ಹೋದರೆ ಗರ್ಭಕಂಠವನ್ನು ಸೂಕ್ಷ್ಮವಾಗಿ ನೋಡುವ ಕಾಲ್ಪೊಸ್ಕೊಪಿ ಪರೀಕ್ಷೆ ಇರುವುದು ಬೇರೆ ದಿನ. ದಾಖಲೆಯಲ್ಲಿರುವ ಫೋನ್ ನಂಬರು ಗಂಡನದೋ ಮಗನದೋ ಆಗಿರುತ್ತದೆ. ಫಲಿತಾಂಶ ಅವರ ಕಿವಿಗೆ ಬಿದ್ದರೆ ಮನೆಯಲ್ಲಿ ಆಕೆಯ ನಡತೆಯ ಮೇಲೇ ಅನುಮಾನ ಶುರುವಾಗಬಹುದು.

ಇವುಗಳಲ್ಲಿ ಬಹಳಷ್ಟು ನಮ್ಮ ಕೈಯಲ್ಲೇ ಇದೆ. ಫಲಿತಾಂಶವನ್ನು ಎದುರಿಗೆ ಕೂರಿಸಿಕೊಂಡು ಆಕೆಗೇ ಹೇಳಿ: ‘ಅಮ್ಮಾ, ಇದು ಕ್ಯಾನ್ಸರ್ ಅಂತಲ್ಲ. ಸ್ವಲ್ಪ ಬದಲಾವಣೆ ಕಾಣ್ತಿದೆ. ಈಗಲೇ ನೋಡಿಸಿದರೆ ಕ್ಯಾನ್ಸರ್ ಆಗದಂತೆ ತಡೀಬಹುದು.’ ಯಾವ ನಂಬರಿಗೆ, ಯಾವ ಹೊತ್ತಿಗೆ ಫೋನ್ ಮಾಡಬೇಕೆಂದು ಆಕೆಯನ್ನೇ ಕೇಳಿ. ಚೀಟಿಯಲ್ಲಿ ಆಸ್ಪತ್ರೆಯ ಹೆಸರಷ್ಟೇ ಸಾಲದು. ಯಾವ ದಿನ, ಎಷ್ಟು ಗಂಟೆಗೆ, ಯಾವ ಕೊಠಡಿಯಲ್ಲಿ, ಯಾರನ್ನು ಕಾಣಬೇಕು ಎಂಬುದೂ ಇರಲಿ. ಆ ಕೊಠಡಿಯವರಿಗೆ ಮೊದಲೇ ಫೋನ್ ಮಾಡಿ ತಿಳಿಸಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕಳಿಸಲು ಸಾಧ್ಯವಾದರೆ ಕಳಿಸಿ. ಅರ್ಹರಾದವರಿಗೆ, ಬದಲಾದ ಭಾಗವನ್ನು ಶಾಖದಿಂದ ನಾಶಮಾಡುವ ಥರ್ಮಲ್ ಅಬ್ಲೇಷನ್ ಚಿಕಿತ್ಸೆಯನ್ನು ಅದೇ ದಿನ, ಕೆಲವೇ ನಿಮಿಷಗಳಲ್ಲಿ ಮಾಡಬಹುದು. ಆ ಉಪಕರಣವನ್ನೂ ತರಬೇತಿಯನ್ನೂ ನಿಮ್ಮ ಆಸ್ಪತ್ರೆಗೆ ಕೇಳಿ ಪಡೆಯಿರಿ. ಇನ್ನೊಂದು ಮನವಿ: ರಿಜಿಸ್ಟರಿನಲ್ಲಿ ‘ಕಳಿಸಲಾಗಿದೆ’ ಎಂಬ ಕಾಲಮ್ಮಿನ ಪಕ್ಕದಲ್ಲಿ ‘ತಲುಪಿದರೇ?’, ‘ಚಿಕಿತ್ಸೆ ಆಯಿತೇ?’, ‘ಮರುತಪಾಸಣೆ ಯಾವಾಗ?’ ಎಂಬ ಕಾಲಮ್ಮುಗಳನ್ನೂ ಎಳೆಯಿರಿ. ಆ ಕಾಲಮ್ಮುಗಳು ಖಾಲಿ ಉಳಿದವರ ಪಟ್ಟಿ ಪ್ರತಿ ತಿಂಗಳ ಸಭೆಯಲ್ಲಿ ಮೊದಲು ಚರ್ಚೆಗೆ ಬರಲಿ. ದೊಡ್ಡ ಆಸ್ಪತ್ರೆ ಸೇರುವವರಿಗೂ ಒಂದು ಮಾತು: ಏನು ಕಂಡಿತು, ಏನು ಮಾಡಿದಿರಿ ಎಂಬುದನ್ನು ಕಳಿಸಿದವರಿಗೆ ತಿರುಗಿ ತಿಳಿಸಿ.

ನಮ್ಮ ಬೀದರ್, ಕಲಬುರಗಿಗಳ ನೆರೆಯ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ನಡೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವುಗಳು, ತಪಾಸಣೆ ನಡೆಯದ ಗುಂಪಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿದಿದ್ದವು. ಪಾಸಿಟಿವ್ ಬಂದವರನ್ನು ಕರೆಸಿ, ಪರೀಕ್ಷಿಸಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟಿದ್ದರಿಂದ ಇದು ಸಾಧ್ಯವಾಯಿತು. ಆ ಹೆಂಗಸರೂ ಹೊಲಮನೆಗಳಲ್ಲಿ ದುಡಿಯುವವರೇ.

2030ರ ವೇಳೆಗೆ ವಿಶ್ವ ಆರೋಗ್ಯ ಸಂಸ್ಥೆಯ ಗುರಿ 90-70-90: ಶೇ. 90 ಬಾಲಕಿಯರಿಗೆ ಲಸಿಕೆ, ಶೇ. 70 ಮಹಿಳೆಯರಿಗೆ ತಪಾಸಣೆ, ರೋಗ ಪತ್ತೆಯಾದವರಲ್ಲಿ ಶೇ. 90 ಮಂದಿಗೆ ಚಿಕಿತ್ಸೆ. ಲಸಿಕೆ ಖರೀದಿಸುವವರು, ಶಿಬಿರ ನಡೆಸುವವರು ಹಲವರಿದ್ದಾರೆ. ಕೊನೆಯ ಆ 90 ಮಾತ್ರ ಹೆಚ್ಚಾಗಿ ನಿಮ್ಮನ್ನೇ ನಂಬಿದೆ.

ಪ್ರಿಯ ಪದವೀಧರರೇ, ನೀವು ಕಳಿಸಿದ ಪ್ರತಿಯೊಬ್ಬ ಹೆಣ್ಣುಮಗಳೂ ತಲುಪಿದಳೇ ಎಂದು ವಿಚಾರಿಸಿ. ತಲುಪದಿದ್ದರೆ ಯಾಕೆಂದು ಕೇಳಿ, ಬೈಯದೆ ಮತ್ತೆ ಕರೆಯಿರಿ. ಚಿಕಿತ್ಸೆ ಆಗುವ ತನಕ ಅವಳು ನಿಮ್ಮ ರೋಗಿ.