ಸುಂಕದವನ ಮುಂದೆ ಸುಖದುಃಖ



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅನ್ನೋ ಗಾದೆ ನಮಗೆಲ್ಲ ಗೊತ್ತು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರಿನಲ್ಲೇ ಸುಂಕ ಕೂತಿದೆ. ಆದರೆ ಗಾದೆಯ ಸುಂಕದವನು, ಕನಿಕರ ಇಲ್ಲದಿದ್ದರೂ, ಮನುಷ್ಯ. ಈಗ ಅವನ ಜಾಗದಲ್ಲಿ ಒಂದು ಯಂತ್ರ. ಅದಕ್ಕೆ ನಮ್ಮ ಮಾತು ಬೇಡ, ಗಾಜಿಗೆ ಅಂಟಿಸಿದ ಚೀಟಿ ಸಾಕು. ಇಂದಿನ ಮಾತು ಆ ಫಾಸ್ಟ್ಯಾಗ್ ಕುರಿತು. ಅದಕ್ಕಿಂತ ಹೆಚ್ಚಾಗಿ, ವರ್ಷವಿಡೀ ರಸ್ತೆಯ ಮೇಲೇ ಬದುಕುವವರ ಕುರಿತು.

ನಾಗಪುರದ ಕಳಮನಾ ಎಂದರೆ ಕಿತ್ತಳೆ, ಮೆಣಸಿನಕಾಯಿ, ಕಾಳುಕಡ್ಡಿಗಳ ದೊಡ್ಡ ಸಗಟು ಮಾರುಕಟ್ಟೆ. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಆಂಧ್ರ, ತೆಲಂಗಾಣ ದಾಟಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಬಾಗೇಪಲ್ಲಿಯಿಂದ ಹಿಡಿದು ನಾಗಪುರದ ಹತ್ತಿರದ ಬೋರಖೇಡಿಯವರೆಗೆ ಟೋಲ್‌ಗಳ ಸಾಲು. ಕಳಮನಾದಲ್ಲಿ ಮಾತಿಗೆ ಸಿಕ್ಕ ನಮ್ಮ ಕಡೆಯ ಲಾರಿ ಡ್ರೈವರ್ ಒಬ್ಬರು ಹೇಳಿದರು: “ಮೊದ್ಲು ಜೇಬಲ್ಲಿ ದುಡ್ಡಿದ್ರೆ ದಾರಿ ಇತ್ತು ಸಾರ್. ಈಗ ಟ್ಯಾಗ್ ಓನರ್ ಹೆಸರಲ್ಲಿ, ಮೆಸೇಜ್ ಓನರ್ ಫೋನಿಗೆ. ರಾತ್ರಿ ಎರಡು ಗಂಟೆಗೆ ಬ್ಯಾಲೆನ್ಸ್ ಮುಗಿದ್ರೆ ಯಾರನ್ನ ಎಬ್ಬಿಸ್ಲಿ? ಡಬಲ್ ಕಟ್ಟಿದ್ದು ನಮ್ಮ ಬಾಟಾದಲ್ಲೇ ಹೋಗತ್ತೆ.”

ಅವರು ಹೇಳಿದ ಡಬಲ್ ಎಲ್ಲಿಂದ ಬಂತು? 2014ರಲ್ಲಿ ಅಹಮದಾಬಾದ್–ಮುಂಬೈ ರಸ್ತೆಯಲ್ಲಿ ಪ್ರಯೋಗವಾಗಿ ಶುರುವಾದ ಈ ವ್ಯವಸ್ಥೆ, 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಕಡ್ಡಾಯವಾಯಿತು. ಸರಿಯಾದ ಟ್ಯಾಗ್ ಇಲ್ಲದವರಿಗೆ ಎರಡು ಪಟ್ಟು ಶುಲ್ಕ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿ ಸ್ವಲ್ಪ ರಿಯಾಯಿತಿ ಕೊಟ್ಟಿತು: 100 ರೂಪಾಯಿ ಟೋಲಿಗೆ ನಗದು ಕೊಟ್ಟರೆ 200, ಯುಪಿಐನಲ್ಲಿ ಕಟ್ಟಿದರೆ 125 ಎಂದಾಯಿತು. ಅಂದರೆ ಕೈಯಲ್ಲಿದ್ದ ನೋಟಿಗೇ ಬೆಲೆ ಕಡಿಮೆಯಾಯಿತು!

ಹಾಗಾದರೆ ಏನು ಮಾಡಬೇಕು? ನಾಲ್ಕು ಮಾತು ನೆನಪಿಡಿ.

ಒಂದು, ಟ್ಯಾಗ್ ಮಾಲೀಕರ ಹೆಸರಿನಲ್ಲಿದ್ದರೂ ಗಾಡಿಯ ನಂಬರ್ ಹಾಕಿ ಯಾರು ಬೇಕಾದರೂ ಯುಪಿಐ ಮೂಲಕ ರೀಚಾರ್ಜ್ ಮಾಡಬಹುದು. ಡ್ರೈವರ್ ತನ್ನ ಫೋನಿನಿಂದ ಹಾಕಿದ ದುಡ್ಡು ವಾಪಸು ಬರುವುದು ಹೇಗೆ ಎಂಬುದನ್ನು ಮಾತ್ರ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಎರಡು, ಟ್ಯಾಗ್ ಸರಿಯಿದ್ದು, ಬ್ಯಾಲೆನ್ಸ್ ಸಾಕಷ್ಟಿದ್ದು, ಟೋಲಿನ ಯಂತ್ರವೇ ಕೆಟ್ಟಿದ್ದರೆ ನೀವು ಕಟ್ಟಬೇಕಾಗಿಲ್ಲ. ಶುಲ್ಕವಿಲ್ಲದೆ ಬಿಡಬೇಕು, ಸೊನ್ನೆ ರೂಪಾಯಿಯ ರಸೀದಿ ಕೊಡಬೇಕು ಎಂದು 2018ರ ನಿಯಮವೇ ಹೇಳುತ್ತದೆ. ಜಗಳ ಬೇಡ, ರಸೀದಿ ಕೇಳಿ. ಒಪ್ಪದಿದ್ದರೆ ಹೆದ್ದಾರಿ ಸಹಾಯವಾಣಿ 1033 ಇದೆ.

ಮೂರು, 24 ಗಂಟೆಯೊಳಗೆ ಅದೇ ಟೋಲಿನಲ್ಲಿ ಹಿಂತಿರುಗಿದರೆ ಹೋಗಿಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ. ಮಾರುಕಟ್ಟೆಯಲ್ಲಿ ಮಾಲು ಇಳಿಸುವುದು ತಡವಾದರೆ ಈ ಉಳಿತಾಯ ಕೈತಪ್ಪುತ್ತದೆ. ತಡ ಮಾಡಿಸಿದವರು ಯಾರೋ, ದುಡ್ಡು ಹೋಗುವುದು ಯಾರದೋ!

ನಾಲ್ಕನೆಯದು ಕಾರಿನವರಿಗೆ. 2025ರ ಆಗಸ್ಟ್ 15ರಂದು ವಾರ್ಷಿಕ ಪಾಸ್ ಬಂತು. ಆರಂಭದ ಬೆಲೆ 3,000 ರೂಪಾಯಿ. 200 ಸಲ ದಾಟುವವರೆಗೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಇದು ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ರಾಷ್ಟ್ರೀಯ ಹೆದ್ದಾರಿಗಷ್ಟೇ ಮೀಸಲು. ನಾಗಪುರದಿಂದ ಮುಂಬೈ ಕಡೆಗೆ ಹೋಗುವ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ ರಾಜ್ಯದ್ದು, ಅಲ್ಲಿ ಪಾಸ್ ನಡೆಯದು. ನಮ್ಮ ಬೆಂಗಳೂರಿನ ನೈಸ್ ರಸ್ತೆಯಲ್ಲೂ ಅಷ್ಟೇ.

ಗಮನಿಸಿದಿರಾ? ಅಪರೂಪಕ್ಕೆ ಪ್ರವಾಸ ಹೋಗುವ ಕಾರಿಗೆ ಪಾಸ್ ಉಂಟು. ದಿನವೂ ಓಡುವ ಲಾರಿಗೆ ಆ ಪಾಸ್ ಇಲ್ಲ. ಸರದಿಯಲ್ಲಿ ನಿಲ್ಲುವ ಹೊತ್ತು ಉಳಿದದ್ದು ನಿಜ, ಡೀಸೆಲ್ ಉಳಿದದ್ದೂ ನಿಜ. ಆದರೆ ಆ ಉಳಿತಾಯ ಸ್ಟೀರಿಂಗ್ ಹಿಡಿದವರ ಕೈಗೂ ಒಂದಿಷ್ಟು ಬರಬೇಕಲ್ಲವೇ?

ಕೇಳುಗರಲ್ಲಿ ಲಾರಿ ಮಾಲೀಕರು ಇದ್ದರೆ ಒಂದು ವಿನಂತಿ. ರಾತ್ರಿ ಮಲಗುವ ಮುನ್ನ ಗಾಡಿ ಎಲ್ಲಿದೆ ಎಂದು ಕೇಳುತ್ತೀರಿ. ಜೊತೆಗೆ ಬ್ಯಾಲೆನ್ಸ್ ಎಷ್ಟಿದೆ ಎಂದೂ ನೋಡಿಬಿಡಿ.

ಪ್ರಯಾಣ ಸುಖಕರವಾಗಿರಲಿ.