ಕೆಚ್ಚಲು ಬಾವೂ ನಮ್ಮ ಸಾಲದ ಲೆಕ್ಕವೂ



ಹಾಲಿಗೆ ನ್ಯಾಯವಾದ ಬೆಲೆ ಕೊಡಿ ಎಂದು ಕೂಗಿದ್ದೇವೆ, ಇನ್ನೂ ಕೂಗಬೇಕು. ಆದರೆ ನಮ್ಮ ಕೊಟ್ಟಿಗೆಯಲ್ಲೇ ಹಾಳಾಗುವ ಹಾಲಿನ ಲೆಕ್ಕ ಇಟ್ಟವರು ಎಷ್ಟು ಜನ ಇದ್ದೀರಿ?

ನನ್ನದೇ ಹೇಳ್ತೀನಿ. ಸಾಲ ಮಾಡಿ ಮಿಶ್ರತಳಿ ಹಸು ತಂದೆ. ಎರಡನೇ ಸೂಲಿನಲ್ಲಿ ಒಂದು ಮೊಲೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಸೂಜಿ ಹಾಕಿಸಿದೆ. ಎರಡು ದಿನಕ್ಕೆ ಬಾವು ಇಳಿಯಿತು, ಇನ್ನೇಕೆ ದಂಡ ಎಂದು ಉಳಿದ ಸೂಜಿ ನಿಲ್ಲಿಸಿಬಿಟ್ಟೆ. ತಿಂಗಳಲ್ಲಿ ಬಾವು ಮರಳಿ ಬಂತು, ಅದೇ ಔಷಧಿ ಹಿಡಿಯಲಿಲ್ಲ, ಮೊಲೆ ಬತ್ತಿಹೋಯಿತು. ಮೂರು ಮೊಲೆಯ ಹಸು ಅಂತ ಬ್ಯಾಂಕಿನವರು ಕಂತನ್ನು ಮುಕ್ಕಾಲು ಮಾಡಲಿಲ್ಲ.

ಈಗ ನಾನು ಮೊದಲ ದಿನವೇ ಹಚ್ಚುವುದು ಹಿತ್ತಲ ಮದ್ದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೂ ಇದನ್ನೇ ಹೇಳುತ್ತಾರೆ. ಲೋಳೆಸರ ಕಾಲು ಕೆ.ಜಿ., ಅರಿಶಿನ ಪುಡಿ 50 ಗ್ರಾಂ, ಎಲೆಅಡಿಕೆಯ ಸುಣ್ಣ 15 ಗ್ರಾಂ. ಲೋಳೆಸರದ ಮುಳ್ಳು ತೆಗೆದು ಮೂರನ್ನೂ ಸೇರಿಸಿ ರುಬ್ಬಿದರೆ ಓಕುಳಿಯ ಕೆಂಪು ಬರುತ್ತೆ. ಕೆಚ್ಚಲಲ್ಲಿರುವ ಹಾಲನ್ನೆಲ್ಲ ಹಿಂಡಿ ದೂರ ಚೆಲ್ಲಿ, ಕೆಚ್ಚಲು ತೊಳೆದು, ಒಂದು ಹಿಡಿ ಮದ್ದನ್ನು ನೀರಲ್ಲಿ ತೆಳ್ಳಗೆ ಕಲಸಿ ಇಡೀ ಕೆಚ್ಚಲಿಗೆ ಬಳಿಯಿರಿ. ದಿನಕ್ಕೆ 8ರಿಂದ 10 ಸಲ, ಐದು ದಿನ. ಮದ್ದು ದಿನಾ ಹೊಸದಾಗಿ ಆಗಬೇಕು. ಜೊತೆಗೆ ದಿನಕ್ಕೆ ಎರಡು ನಿಂಬೆಹಣ್ಣು ಹೋಳು ಮಾಡಿ ತಿನ್ನಿಸಿ.

ಹತ್ತು ಸಲ ಎಂದರೆ ಹತ್ತು ಸಲ. ಬೆಳಿಗ್ಗೆ ಒಂದ್ಸಲ ಬಳಿದು ಹೊಲಕ್ಕೆ ಹೋದವರು ಮದ್ದನ್ನು ಬೈಯಬಾರದು. ಈ ಕೆಲಸವೂ ಮನೆಯ ಹೆಂಗಸರ ತಲೆಗೇ ಬರೋದು, ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡೀರಿ.

ಹಾಗಂತ ಡಾಕ್ಟರೇ ಬೇಡ ಅಂತ ನಾನು ಹೇಳ್ತಿಲ್ಲ. ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ನೀಲಿ ತಿರುಗಿದರೆ, ಲೋಳೆಸರ ಹುಡುಕುತ್ತಾ ಕೂರಬೇಡಿ, ಅವತ್ತೇ ಕರೆಸಿ. ಸೂಜಿ ಶುರು ಮಾಡಿದರೆ ಅವರು ಹೇಳಿದಷ್ಟು ದಿನ ಪೂರ್ತಿ ಹಾಕಿಸಿ. ಅವರು ಹೇಳಿದ ಗಡುವು ಮುಗಿಯುವ ತನಕ ಆ ಹಾಲನ್ನು ಡೇರಿಗೂ ಹಾಕಬೇಡಿ, ಮಕ್ಕಳಿಗೂ ಕೊಡಬೇಡಿ. ಔಷಧಿ ಇಳಿದ ಹಾಲು ಹೆಪ್ಪು ಹಾಕಿದರೂ ಸರಿಯಾಗಿ ಮೊಸರಾಗದೇ ಹೋಗಬಹುದು. ನಷ್ಟ ಆಗುತ್ತೆ, ನಿಜ. ಅದಕ್ಕೇ ಬಾವು ಬಲಿಯುವ ಮುಂಚೆ ಕಣ್ಣಿಡಿ ಅಂತ ಹೇಳೋದು. ದಿನಾ ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ, ಗರಣೆ ಕಂಡರೆ ಅವತ್ತೇ ರುಬ್ಬುಗಲ್ಲು ತೊಳೀರಿ.

ಬಾವಿನ ಹಸುವನ್ನು ಕೊನೆಗೆ ಕರೀರಿ. ಕರೆದ ಮೇಲೆ ಮೊಲೆಯ ಬಾಯಿ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಸಗಣಿಯ ಮೇಲೆ ಮಲಗದ ಹಾಗೆ ಮುಂದೆ ಒಂದು ಹೊರೆ ಹಸಿ ಮೇವು ಹಾಕಿಬಿಡಿ.